ಶುಗರ್ ಫಾರ್ವರ್ಡ್ ಮತ್ತು ಹಲಸಿನ ಕಡುಬು

ಬೆಳಿಗ್ಗೆ ಆರೂವರೆಗೆ ಸಾಗರದ ದೊಡ್ಡಪ್ಪ ‘ನಮ್ಮನೆ ಮಂದಿ’ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು: “ಇಂಗ್ಲೆಂಡಿನಲ್ಲಿ ಶುಗರ್ ಇದ್ದವರಿಗೆಲ್ಲ ಔಷಧಿ ಪೂರ್ತಿ ಉಚಿತ!! ನಮ್ಮಲ್ಲಿ ಯಾವಾಗ??” ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎದ್ದು ನೋಡುವಷ್ಟರಲ್ಲಿ 43 ಮೆಸೇಜ್ ಆಗಿತ್ತು.

ಇಂಗ್ಲೆಂಡಿನಲ್ಲೇ ಇರುವ ರೆಡಿಂಗ್ ಅಣ್ಣ: ಸುಳ್ಳು. ನನಗೆ ಶುಗರ್ ಇದೆ. ದುಡ್ಡು ಕೊಟ್ಟೇ ತರುತ್ತಿದ್ದೇನೆ.

ಬೆಂಗಳೂರು ಭಾವ: ಇದನ್ನು ಹೇಳಿದ್ದು ಯಾರು? ಲಿಂಕ್ ಹಾಕಿ. ಕೊರೋನಾಗೆ ನಿಂಬೆರಸ ಮೂಗಿಗೆ ಬಿಡಿ ಅಂತ ಹಾಕಿದ್ದೂ ನೀವೇ ಅಲ್ವಾ?

ದೊಡ್ಡಪ್ಪ: ಹಿರಿಯರನ್ನು ಸಾಕ್ಷಿ ಕೇಳುವ ಕಾಲ ಬಂತು. ನಾಲಿಗೆ ಹಿಡಿತದಲ್ಲಿದ್ದರೆ ಶುಗರ್ ಯಾಕೆ ಬರುತ್ತದೆ?

ರೆಡಿಂಗ್ ಅಣ್ಣ: ನಾಲಿಗೆ ಹಿಡಿದಿದ್ದಕ್ಕೇ ದುಡ್ಡು ಕಟ್ಟುತ್ತಿರುವುದು ದೊಡ್ಡಪ್ಪ!

ಇಡೀ ಚರ್ಚೆಯಲ್ಲಿ ವಿಷಯ ಇದ್ದದ್ದು ಈ ಒಂದು ಸಾಲಿನಲ್ಲಿ. ಯಾರೂ ಗಮನಿಸಲಿಲ್ಲ.

ನಾನು ಕೆಲಸ ಮಾಡುವುದು ಔಷಧಿ ಅಂಗಡಿಯ ಕೌಂಟರ್‌ನಲ್ಲಿ. ಹಾಗಾಗಿ ಎರಡು ಪ್ಯಾರಾ ಬರೆದೆ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಡಾಕ್ಟರ್ ಸಹಿ ಹಾಕಿದ ಫಾರಂ ಮೇಲೆ ವಿನಾಯಿತಿ ಪತ್ರ ಸಿಗುತ್ತದೆ. ಅದು ಸಾಮಾನ್ಯವಾಗಿ 5 ವರ್ಷಕ್ಕೆ. ಅಷ್ಟೂ ದಿನ ಶುಗರ್ ಮಾತ್ರೆ ಮಾತ್ರವಲ್ಲ, ಡಾಕ್ಟರ್ ಚೀಟಿಯಲ್ಲಿ ಬರೆದ ಬಿಪಿ ಮಾತ್ರೆ, ಆಂಟಿಬಯಾಟಿಕ್, ಎಲ್ಲ ಉಚಿತ. ಬರೀ ಪಥ್ಯದಲ್ಲಿ ಇರುವವರಿಗೆ ಇದಿಲ್ಲ. ನಿಯಮ 1968ರಷ್ಟು ಹಳೆಯದು. ಅಣ್ಣ ಅನ್ನ ಬಿಟ್ಟ, ನಡೆದ, ತೂಕ ಇಳಿಸಿದ. ಡಾಕ್ಟರ್ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿದರು, ವಿನಾಯಿತಿಯೂ ಹೋಯಿತು. ಈಗ ಬಿಪಿಗೊಂದು, ಕೊಲೆಸ್ಟ್ರಾಲ್‌ಗೊಂದು ಅಂತ ಪ್ರತಿ ಔಷಧಿಗೂ 9.90 ಪೌಂಡ್ ಎಣಿಸುತ್ತಾನೆ.

ಈ ಮೆಸೇಜಿಗೆ ಒಂದೇ ಒಂದು ಹೆಬ್ಬೆರಳು ಬಂತು. ಅದೂ ನನ್ನ ಗಂಡನದು.

ಕಾರ್ಡಿಫ್ ಅಕ್ಕ: ವೇಲ್ಸ್‌ನಲ್ಲಿ 2007ರಿಂದ ಯಾರಿಗೂ ದುಡ್ಡಿಲ್ಲಪ್ಪ. ಇಲ್ಲಿಗೆ ಬಾ ಅಂದಾಗ ಮಳೆ ಜಾಸ್ತಿ ಅಂದೆ.

ಬೆಂಗಳೂರು ಭಾವ: ವಿನಾಯಿತಿ ಇದೆ ಅಂತ ಚೀಟಿ ಹಿಂದೆ ಸುಮ್ನೆ ಟಿಕ್ ಹಾಕು, ಯಾರು ನೋಡ್ತಾರೆ?

ನಾನು: ನೋಡ್ತಾರೆ ಭಾವ. ಔಷಧಿ ದುಡ್ಡೂ ಕಟ್ಟಬೇಕು, ಮೇಲೆ 100 ಪೌಂಡ್‌ವರೆಗೆ ದಂಡ.

ಮೂಲ ಕೇಳುವ ಮನುಷ್ಯ ಕೊಟ್ಟ ಸಲಹೆ ಇದು! ಇರಲಿ.

ಕಾರ್ಡಿಫ್ ಅಕ್ಕ: 60 ತುಂಬಿದರೆ ಇಂಗ್ಲೆಂಡಿನಲ್ಲೂ ಫ್ರೀ. ನಿನಗೆ ಇನ್ನೇನು ಆಯ್ತಲ್ಲ?

ಅತ್ತಿಗೆ: 56.

ದೊಡ್ಡಪ್ಪ: 58. ಜಾತಕ ಬರೆಸಿದವನು ನಾನು.

ಅತ್ತಿಗೆ: ಹಾಗಾದರೆ ನಮ್ಮಪ್ಪನಿಗೆ ತೋರಿಸಿದ್ದು ಯಾರ ಜಾತಕ?

ಅರ್ಧ ಗಂಟೆ ಗುಂಪು ಸ್ತಬ್ಧ. ಆಮೇಲೆ ದೊಡ್ಡಮ್ಮ ಬಾಯಿಬಿಟ್ಟರು: “ನಮ್ಮನೆ ಉಪನಯನದಲ್ಲಿ ಹೋಳಿಗೆ ಮುಟ್ಟದೆ ಎದ್ದೆಯಲ್ಲ, ಅದು ಪಥ್ಯವಾ? ನಾವು ಸೊಕ್ಕು ಅಂದುಕೊಂಡಿದ್ದೆವು.” ಅಣ್ಣ ಉತ್ತರ ಟೈಪ್ ಮಾಡುತ್ತಿದ್ದ, ನಿಲ್ಲಿಸಿದ, ಮತ್ತೆ ಮಾಡಿದ. ಏನೂ ಬರಲಿಲ್ಲ.

ಬಂದದ್ದು ಹೊಸನಗರದ ಚಿಕ್ಕಮ್ಮ: “ಅಜ್ಜಿ ಮಾಡುತ್ತಿದ್ದ ಹಲಸಿನ ಹಣ್ಣಿನ ಕಡುಬು ನೆನಪಿದೆಯಾ? ತುಪ್ಪ ಹಾಕಿ ಆರಾರು ತಿಂದರೂ ಯಾರಿಗೂ ಶುಗರ್ ಇರಲಿಲ್ಲ.”

ಅಜ್ಜಿಯ ಕಾಲಿನ ಗಾಯ ವರ್ಷವಾದರೂ ಮಾಯದೆ ಇದ್ದದ್ದು ನನಗೆ ನೆನಪಿದೆ. ಬರೆಯಲಿಲ್ಲ.

ಅಣ್ಣನಿಗೆ ಬೇರೆಯಾಗಿ ಮೆಸೇಜ್ ಮಾಡಿದೆ. ತಿಂಗಳಿಗೆ ಎರಡು ಔಷಧಿ ಅಂದರೆ ವರ್ಷಕ್ಕೆ 237.60 ಪೌಂಡ್. ವರ್ಷದ ಮುಂಗಡ ಪಾಸ್ 114.50, ಕಂತಿನಲ್ಲೂ ಕಟ್ಟಬಹುದು. ಕಣ್ಣಿನ ಪರೀಕ್ಷೆ ಶುಗರ್ ಇದ್ದವರಿಗೆ ಪಥ್ಯದಲ್ಲಿದ್ದರೂ ಉಚಿತ, ಅದನ್ನು ಬಿಡಬೇಡ.

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ಅಂದ.

ಗುಂಪಿನಲ್ಲಿ ಕಡುಬನ್ನು ಸುತ್ತುತ್ತಿದ್ದದ್ದು ಬಾಳೆ ಎಲೆಯಲ್ಲೋ ಸಾಗುವಾನಿ ಎಲೆಯಲ್ಲೋ ಅಂತ ಜಗಳ ನಡೆದಿತ್ತು. ಭಾವ ಅದಕ್ಕೂ ಲಿಂಕ್ ಕೇಳಿದ್ದರು.