ಅಮ್ಮನನ್ನು ಲೇಹ್‌ಗೆ ಕರೆದುಕೊಂಡು ಹೋಗಬಹುದಾ?

ಬೆಣ್ಣೆದೋಸೆ:
ಜೂನ್‌ನಲ್ಲಿ ಅಮ್ಮನ ಜೊತೆ ಲಡಾಖ್‌ನ ಲೇಹ್‌ಗೆ ಹೊರಟಿದ್ದೇನೆ. ಅಮ್ಮನಿಗೆ 62. ಬಿಪಿ ಮಾತ್ರೆ ತಗೊಳ್ಳುತ್ತಾರೆ, ಬೇರೆ ತೊಂದರೆ ಇಲ್ಲ. ದಿಲ್ಲಿಯಿಂದ ವಿಮಾನ, ಒಟ್ಟು ಐದು ದಿನ. ಎರಡನೇ ದಿನವೇ ಖರ್ದುಂಗ್ ಲಾ ಘಾಟಿ ದಾಟಿ ನುಬ್ರಾ ಕಣಿವೆ, ಆಮೇಲೆ ಪ್ಯಾಂಗಾಂಗ್ ಸರೋವರ ಅಂತ ಟೂರ್‌ನವರು ಬರೆದುಕೊಟ್ಟಿದ್ದಾರೆ. ಅಷ್ಟು ಎತ್ತರದಲ್ಲಿ ಉಸಿರು ಸಿಗಲ್ಲ ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸುತ್ತಿದ್ದಾರೆ. ಅಲ್ಲೇ ಇರುವವರು ಯಾರಾದರೂ ಇದ್ದರೆ ಹೇಳಿ.

ಗಿರಿಗಿಟ್ಲೆ:
ನಾವು ಹೋದ ವರ್ಷ ಹೋಗಿದ್ದೆವು, ಏನೂ ಆಗಲಿಲ್ಲ. ಕರ್ಪೂರದ ಗಂಟು ಇಟ್ಟುಕೊಂಡು ಮೂಸುತ್ತಿರಿ, ಸಾಕು.

ಹಾಸನದವ:
ನಾನು ಬ್ಯಾಂಕ್ ಕೆಲಸಕ್ಕೆ ವರ್ಗವಾಗಿ ಬಂದು ಲೇಹ್‌ನಲ್ಲಿ ನಾಲ್ಕನೇ ವರ್ಷ. ಕರ್ಪೂರದಿಂದ ಮೂಗು ತಂಪಾಗುತ್ತದೆ, ಅಷ್ಟೇ. ಆಮ್ಲಜನಕ ಜಾಸ್ತಿ ಆಗಲ್ಲ.

ಬಂದ ದಿನ ನನಗೂ ಭಾರಿ ಧೈರ್ಯವಿತ್ತು. ಮುಳ್ಳಯ್ಯನಗಿರಿ ಎಷ್ಟು ಸಲ ಹತ್ತಿಲ್ಲ! ಆದರೆ ಅದು 1,930 ಮೀಟರ್. ಲೇಹ್ ಊರೇ ಸುಮಾರು 3,500. ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಬಂದೆ. ರಾತ್ರಿಯಿಡೀ ವಾಂತಿ, ತಲೆ ಸಿಡಿತ. ಬಾಡಿಗೆ ಮನೆಯ ಆಮಾ-ಲೆ (ಇಲ್ಲಿ ಅಮ್ಮನನ್ನು ಹಾಗೆ ಕರೆಯುತ್ತಾರೆ) ಬೈದುಕೊಂಡೇ ಬಿಸಿ ಥುಕ್ಪಾ ಕುಡಿಸಿದರು.

ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು. ನೀರು 88 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಅನ್ನ ಬೇಯುವುದೇ ಇಲ್ಲ. ಕುಕ್ಕರ್ ಇಲ್ಲದೆ ನನ್ನ ಸಂಸಾರ ನಡೆಯಲ್ಲ. ದೋಸೆ ಹಿಟ್ಟು ಹುಳಿ ಬರಬೇಕಾದರೆ ಬುಖಾರಿ ಒಲೆಯ ಪಕ್ಕ ಮಗುವಿನ ಹಾಗೆ ಹೊದಿಸಿ ಮಲಗಿಸಬೇಕು. ಚಳಿಗಾಲದಲ್ಲಿ ನಲ್ಲಿಯ ನೀರು ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಇರಲಿ, ಅದು ನನ್ನ ಗೋಳು.

ನಿಮ್ಮ ಪಟ್ಟಿ ಮಾತ್ರ ನನಗೆ ಸರಿ ಕಾಣಲಿಲ್ಲ. ಖರ್ದುಂಗ್ ಲಾ 5,300 ಮೀಟರ್ ದಾಟುತ್ತದೆ. ಪ್ಯಾಂಗಾಂಗ್ ದಂಡೆ 4,200ರ ಮೇಲೆ, ರಾತ್ರಿ ಅಲ್ಲೇ ಮಲಗಬೇಕು. ಅಲ್ಲಿ ಉಸಿರು ಸಿಗದಿದ್ದರೆ, ವಾಪಸ್ ಬರಲು ಮೊದಲು ಇನ್ನೊಂದು ಘಾಟಿ ಹತ್ತಬೇಕು. ಮೈ ಸರಿಯಿಲ್ಲ ಅಂತ ಇಳಿಯಲು ಹೊರಟವರು ಇನ್ನೂ ಮೇಲೆ ಹತ್ತುವುದು!

ಎರಡು ದಿನ ಲೇಹ್‌ನಲ್ಲಿ ಸುಮ್ನೆ ಇರಿ. ಸುಮ್ನೆ ಅಂದರೆ ನಿಜವಾಗಿ ಸುಮ್ನೆ. ಮೂರನೇ ದಿನ ಹತ್ತಬೇಡಿ, ಇಳಿಯಿರಿ. ಸಿಂಧೂ ನದಿಯ ಜಾಡಿನಲ್ಲೇ ಶ್ರೀನಗರದ ರಸ್ತೆ ಹಿಡಿದರೆ ಆಲ್ಚಿ ಹಳ್ಳಿ, ಸುಮಾರು 3,100 ಮೀಟರ್. ನಡುವೆ ದೊಡ್ಡ ಘಾಟಿ ಇಲ್ಲ. ಅಲ್ಲಿನ ಗುಡಿಗಳ ಗೋಡೆ ಚಿತ್ರಗಳಿಗೆ ಎಂಟು ನೂರು ವರ್ಷದ ಮೇಲಾಗಿದೆ. ಸುತ್ತ ಏಪ್ರಿಕಾಟ್ ತೋಟ. ನನ್ನ ಅಮ್ಮ ಬಂದಾಗ ಪ್ಯಾಂಗಾಂಗ್ ತೋರಿಸಲೇ ಇಲ್ಲ, ಆಲ್ಚಿಗೇ ಕರೆದೊಯ್ದೆ.

ಎತ್ತರದ ಕಾಯಿಲೆ ಬರದಿರಲಿ ಅಂತ ತಗೊಳ್ಳುವ ಡೈಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಅದು ಮೂತ್ರ ಜಾಸ್ತಿ ಮಾಡಿಸುತ್ತದೆ, ಕೆಲವು ಬಿಪಿ ಮಾತ್ರೆಗಳೂ ಹಾಗೇ. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ, ಮಾತು ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೊರಗಿನ ಪ್ರೀಪೇಯ್ಡ್ ಸಿಮ್ ಇಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ತನ್ನಿ.

ಬೆಣ್ಣೆದೋಸೆ:
ಸರ್, ಎಲ್ಲ ಅಮ್ಮನಿಗೆ ಓದಿ ಹೇಳಿದೆ. ಪ್ಯಾಂಗಾಂಗ್ ಬಿಟ್ಟರೂ ಬೇಜಾರಿಲ್ಲವಂತೆ. "ದಿನಾ ಸ್ನಾನಕ್ಕೆ 'ನರ್ಮದೇ ಸಿಂಧು ಕಾವೇರಿ' ಅಂತೀನಿ, ಆ ಸಿಂಧು ಅಲ್ಲೇ ಹರಿಯುತ್ತಾ?" ಅಂತ ಕೇಳುತ್ತಿದ್ದಾರೆ. ನೀರು ಮುಟ್ಟಬಹುದಾ?

ಹಾಸನದವ:
ಅದೇ ಸಿಂಧು. ಆಲ್ಚಿ ದಾರಿಯಲ್ಲಿ ನಿಮ್ಮೂ ಅನ್ನುವ ಊರಿನ ಹತ್ತಿರ ಝಂಸ್ಕಾರ್ ನದಿ ಬಂದು ಸೇರುತ್ತದೆ, ಆ ಸಂಗಮವನ್ನು ಮೇಲಿನ ರಸ್ತೆಯಿಂದಲೇ ನೋಡಿ. ಜೂನ್‌ನಲ್ಲಿ ಹಿಮ ಕರಗಿ ಸೆಳೆತ ಜಾಸ್ತಿ. ನೀರು ಮುಟ್ಟಲು ಶೇ ಹತ್ತಿರದ ಸಿಂಧೂ ಘಾಟ್‌ಗೆ ಹೋಗಿ, ಮೆಟ್ಟಿಲುಗಳಿವೆ. ಕೈ ಅದ್ದಿ ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು, ಮುಳುಗು ಹಾಕುತ್ತೇನೆ ಅಂದರೆ ಬಿಡಬೇಡಿ. ಮಂಜಿನಷ್ಟು ತಣ್ಣಗಿರುತ್ತದೆ.

ಬರುವಾಗ ಬ್ಯಾಗಿನಲ್ಲಿ ಜಾಗ ಇದ್ದರೆ ಅರ್ಧ ಕೆಜಿ ಹುರಿಗಡಲೆ ತನ್ನಿ. ಚಟ್ನಿ ತಿಂದು ತಿಂಗಳಾಯಿತು.