ಸಹಾಯ ಬೇಕು: ಮಗಳು ಕನ್ನಡದಲ್ಲಿ ಉತ್ತರ ಕೊಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಗಂಡ ಜರ್ಮನ್, ಇರುವುದು ಮ್ಯೂನಿಕ್‌ನಲ್ಲಿ. ನಾಲ್ಕು ವರ್ಷದ ಮಗಳ ಜೊತೆ ನಾನು ಕನ್ನಡ, ಅವರು ಜರ್ಮನ್ ಮಾತಾಡುತ್ತೇವೆ. "ಚಪ್ಪಲಿ ತೆಗೆದಿಡು, ಕೈ ತೊಳ್ಕೊಂಡು ಬಾ" ಅಂದರೆ ತಕ್ಷಣ ಮಾಡುತ್ತಾಳೆ. ಉತ್ತರ ಮಾತ್ರ ಜರ್ಮನ್‌ನಲ್ಲೇ. ಶಿಶುವಿಹಾರಕ್ಕೆ ಸೇರಿದ ಮೇಲೆ ಇದು ಜಾಸ್ತಿಯಾಗಿದೆ. ವಿಡಿಯೋ ಕಾಲ್‌ನಲ್ಲಿ ಅಮ್ಮ "ಏನ್ ತಿಂದೆ ಪುಟ್ಟಿ?" ಅಂದರೆ ಜರ್ಮನ್‌ನಲ್ಲಿ ಉದ್ದಕ್ಕೆ ಹೇಳುತ್ತಾ ಹೋಗುತ್ತಾಳೆ. ಅಮ್ಮ ನನ್ನ ಮುಖ ನೋಡುತ್ತಾರೆ. ತುಂಬಾ ಸಂಕಟವಾಗುತ್ತದೆ.

ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುವ ಕನ್ನಡ ಪುಸ್ತಕಗಳನ್ನು ರಾತ್ರಿ ಓದುತ್ತೇವೆ, ಅವಳಿಗೂ ಇಷ್ಟ. ಒತ್ತಾಯ ಮಾಡದೆ ಮಗುವಿನ ಬಾಯಲ್ಲಿ ಕನ್ನಡ ಬರಿಸಿದವರು ಇದ್ದೀರಾ? ಏನು ಮಾಡಿದಿರಿ, ಹೇಳಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಹಾಗಾಗಿ ಕನ್ನಡ ಬಿಡಿ ಅನ್ನುವ ಸಲಹೆ ಬೇಡ. ಮ್ಯೂನಿಕ್ ಹತ್ತಿರ ಇದೇ ವಯಸ್ಸಿನ ಕನ್ನಡದ ಮಕ್ಕಳಿದ್ದರೆ ದಯವಿಟ್ಟು ಮೆಸೇಜ್ ಮಾಡಿ, ಒಟ್ಟಿಗೆ ಆಡಿಸೋಣ.