ಒಮ್ಮೆ ಬರೆದ ಡೇಟಾ ಮತ್ತೆ ಬದಲಾಗಲ್ಲ ಅಂತ ನಂಬಿ ಸ್ಟೋರೇಜ್ ಕಟ್ಟಬಹುದಾ?

ಗ್ರಿಡ್‌ಗಿರಾಕಿ:
ಹವಾಮಾನ ಮಾಡೆಲ್‌ನ ಔಟ್‌ಪುಟ್ ಇಡೋಕೆ ಹೊಸ ಸ್ಟೋರೇಜ್ ಕಟ್ಟುತ್ತಿದ್ದೇವೆ. ನಾಲ್ಕು ಮೀಟಿಂಗ್ ಆಯಿತು, ಇನ್ನೂ ಯಾವ ಸಾಫ್ಟ್‌ವೇರ್ ಅನ್ನೋದರಲ್ಲೇ ಜಗಳ. ಬೇಸತ್ತು ನಾನೇ ಮೂರು ಸಾಲು ಬರೆದೆ. ಒಂದು, ಬರೆದ ಫೈಲನ್ನು ಆಮೇಲೆ ಯಾರೂ ತಿದ್ದುವುದಿಲ್ಲ. ಎರಡು, ಓದುವವರು ಇಡೀ ಫೈಲ್ ಓದುತ್ತಾರೆ. ಮೂರು, ಡಿಸ್ಕ್ ಕೊಟ್ಟದ್ದು ಸರಿಯಾಗೇ ಇರುತ್ತದೆ. ಇಷ್ಟಕ್ಕೆ ಎಲ್ಲರೂ ಒಪ್ಪಿದರೆ ಕೆಲಸ ಶುರು ಮಾಡಬಹುದು ಅಲ್ವಾ?

ಚಂಕ್‌ಪುರಾಣ:
ಎರಡನೇದು ಕೈ ಸುಡುತ್ತೆ, ಬರೆದಿಟ್ಟುಕೊಳ್ಳಿ. ಇಡೀ ಭೂಮಿಗೆ ಕಾಲು ಡಿಗ್ರಿಗೊಂದು ಬಿಂದು ಇಟ್ಟ ಗ್ರಿಡ್ ಅಂದರೆ 1440 × 721 ಬಿಂದು, ಒಂದಕ್ಕೆ 4 ಬೈಟ್, ಒಂದು ಗಂಟೆಯ ನಕ್ಷೆ ಸುಮಾರು 4.15 ಎಂಬಿ. ಗಂಟೆಗೊಂದು ಚಂಕ್ (ಓದುವಾಗ ಇಡಿಯಾಗಿಯೇ ತೆಗೆಯಬೇಕಾದ ಡೇಟಾ ತುಂಡು) ಮಾಡಿದಿರಿ ಅನ್ನಿ. ಯಾರೋ ಒಂದೇ ಜಾಗದ ಒಂದು ವರ್ಷದ ತಾಪಮಾನ ಕೇಳುತ್ತಾರೆ. ಅವರಿಗೆ ಬೇಕಾದ್ದು 8760 ಸಂಖ್ಯೆ, ಅಂದರೆ 35 ಕೆಬಿ. ಅದಕ್ಕಾಗಿ ಕಂಪ್ರೆಷನ್ ಇಲ್ಲದಿದ್ದರೆ 36 ಜಿಬಿ ಓದಬೇಕು!

240 ಗಂಟೆ × 60 × 60 ಬಿಂದುವಿಗೊಂದು ಚಂಕ್ ಮಾಡಿದರೆ ಅದೇ ಪ್ರಶ್ನೆಗೆ 37 ಚಂಕ್, ಸುಮಾರು 128 ಎಂಬಿ ಸಾಕು. ಆದರೆ ಈಗ ಒಂದು ಗಂಟೆಯ ನಕ್ಷೆ ಬಿಡಿಸುವವರು 312 ಚಂಕ್ ತೆಗೆಯಬೇಕು, 1 ಜಿಬಿಗೂ ಸ್ವಲ್ಪ ಜಾಸ್ತಿ. ಇಬ್ಬರನ್ನೂ ಪೂರ್ತಿ ಖುಷಿಪಡಿಸುವ ಆಕಾರ ಇಲ್ಲ. ಯಾರು ಕಾಯಬೇಕು ಅನ್ನೋದೇ ನಿಮ್ಮ ಮೀಟಿಂಗ್‌ನ ಅಸಲಿ ವಿಷಯ. ಅಂದಹಾಗೆ ಇಂಥ ಡೇಟಾ ಇಡೋಕೆ ಬಳಸುವ ಎಚ್‌ಡಿಎಫ್5 ಸಾಫ್ಟ್‌ವೇರಿನ 1.x ಆವೃತ್ತಿಗಳಲ್ಲಿ ಚಂಕ್ ಕ್ಯಾಷ್ (ತೆಗೆದ ಚಂಕನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಡೀಫಾಲ್ಟ್ 1 ಎಂಬಿ ಮಾತ್ರ, ಈ ಚಂಕ್ ಅದರೊಳಗೆ ಕೂರಲ್ಲ, ಅದನ್ನೂ ಹೆಚ್ಚಿಸಿಕೊಳ್ಳಿ.

ಹಳೇಟೇಪು:
ಮೊದಲನೇದು ಅರ್ಧ ಸರಿ. ಫೈಲ್ ತಿದ್ದಬೇಡಿ, ಆದರೆ ಡೇಟಾ ಬದಲಾಗೇ ಆಗುತ್ತದೆ. ನಮ್ಮಲ್ಲಿ ಒಮ್ಮೆ ಸೆನ್ಸರ್ ಕ್ಯಾಲಿಬ್ರೇಷನ್ ತಪ್ಪಿತ್ತು ಅಂತ ಗೊತ್ತಾಗಿ ಎಲ್ಲವನ್ನೂ ಮತ್ತೆ ಪ್ರೊಸೆಸ್ ಮಾಡಿದೆವು, ಅದೇ ಹೆಸರಲ್ಲಿ ಹಳೇ ಫೈಲ್ ಮೇಲೇ ಬರೆದೂಬಿಟ್ಟೆವು, ಆಮೇಲೆ ಯಾರ ಗ್ರಾಫ್ ಯಾವ ಡೇಟಾದಿಂದ ಬಂದದ್ದು ಅಂತ ಹುಡುಕೋದೇ ಕೆಲಸವಾಯಿತು. ಹೊಸ ಆವೃತ್ತಿಗೆ ಹೊಸ ಹೆಸರು, ಹಳೇದು ಇದ್ದಲ್ಲೇ ಇರಲಿ. ಹಾಗಾದರೆ ಜಾಗದ ಲೆಕ್ಕಕ್ಕೆ ಕನಿಷ್ಠ ಎರಡು ಆವೃತ್ತಿ ಹಿಡಿಯಿರಿ.

ಗ್ರಿಡ್‌ಗಿರಾಕಿ:
ಅಯ್ಯೋ, ನಾನು ಒಂದೇ ಪ್ರತಿಗೆ ಲೆಕ್ಕ ಹಾಕಿ ಕಳಿಸಿದ್ದೆ. ಮೂರನೇದಾದರೂ ಉಳಿಯುತ್ತಾ?

ಬಿಟ್‌ಬೇಟೆ:
ಇಲ್ಲ ಗುರೂ :) ದೊಡ್ಡ ಡಿಸ್ಕ್‌ಗಳ ಸ್ಪೆಸಿಫಿಕೇಷನ್ನಿನಲ್ಲೇ 10¹⁵ ಬಿಟ್ ಓದಿದರೆ ಒಂದು ದೋಷ ಅಂತ ಬರೆದಿರುವುದು ಸಾಮಾನ್ಯ. ಅದು 125 ಟಿಬಿ ಅಷ್ಟೇ. ಆ ದೋಷವನ್ನು ಡಿಸ್ಕೇ ಹೇಳುತ್ತದೆ, ಹೇಳದೆ ಸುಮ್ನೆ ತಪ್ಪು ಬೈಟ್ ಕೊಟ್ಟು ಕೂರುವುದು ಬೇರೇ ತೊಂದರೆ. ಅದಕ್ಕೇ ಡೇಟಾ ಹುಟ್ಟುವ ಕಡೆಯೇ ಚೆಕ್‌ಸಮ್ (ಡೇಟಾದಿಂದಲೇ ಲೆಕ್ಕ ಹಾಕಿದ ಸಂಖ್ಯೆ, ಡೇಟಾ ಕೆಟ್ಟಿತಾ ಅಂತ ಆಮೇಲೆ ತಾಳೆ ನೋಡೋಕೆ) ಹಾಕಿ, ಕಾಪಿ ಆದಮೇಲೆ ಹಾಕಿದರೆ ಕೆಟ್ಟದ್ದಕ್ಕೇ ಮುದ್ರೆ ಒತ್ತಿದಂತೆ. ಇನ್ನೊಂದು ಸಾಲನ್ನೂ ಸೇರಿಸಿ: ಹಾಳಾದರೆ ಎಷ್ಟು ದಿನದಲ್ಲಿ ವಾಪಸ್ ಬರಬೇಕು? 1 ಪಿಬಿ (ಸಾವಿರ ಟಿಬಿ) ಡೇಟಾವನ್ನು 10 ಗಿಗಾಬಿಟ್ ಲೈನಿನಲ್ಲಿ ತರೋಕೆ ಲೈನ್ ಪೂರ್ತಿ ನಿಮ್ಮದೇ ಆದರೂ 9 ದಿನ ಮೀರುತ್ತದೆ.

ಗ್ರಿಡ್‌ಗಿರಾಕಿ:
ಹಳೇ ಸರ್ವರಿನ ಲಾಗ್ ತೆಗೆದು ನೋಡಿದೆ. ನಕ್ಷೆ ಕೇಳುವವರೇ ಜಾಸ್ತಿ ಅಂತ ಮೀಟಿಂಗಲ್ಲಿ ಎಲ್ಲರೂ ಹೇಳಿದ್ದರು. ಲಾಗಿನಲ್ಲಿ ಬಹುಪಾಲು ಒಂದೇ ಜಾಗದ ಸರಣಿ. ನಾಳೆ ಇದನ್ನೇ ಪ್ರಿಂಟ್ ಹಾಕಿಸಿ ಒಯ್ಯುತ್ತೇನೆ.